ಭಾಳ ಛಲೋ ಅದರಿ

"ನಾರಲಿಕತ್ತದ," ಎಂದಳು ಅಕ್ಕ, ಅದೂ ಗಿರಾಕಿಗಳ ಎದುರಿಗೇ.

ದೇವಿಂದ್ರನ ಮೈಯೆಲ್ಲ ಉರಿದುಹೋಯಿತು. ಶಹಾಬಾದದ ಕಲ್ಲು ಪಾಲಿಶ್ ಮಾಡುವವರ ಹೊಟ್ಟೆ ತುಂಬಿಸುವ ಆ ಖಾನಾವಳಿಯಲ್ಲಿ ಇಷ್ಟು ವರ್ಷ ಒಲೆಯ ಮುಂದೆ ಬೆಂದವನು ಅವನು. ದ್ರೌಪದಿ ಅಕ್ಕ ರೊಕ್ಕದ ಗಲ್ಲೆಯ ಹಿಂದೆ ಫ್ಯಾನಿನ ಕೆಳಗೆ ಕೂತವಳು. ಅಂಥವಳು ಶೇಂಗಾ ಹಿಂಡಿಯ ತಾಟನ್ನು ಅತ್ತ ನೂಕಿದಳು.

"ಕಮಟು ಹೊಡಿಲಿಕತ್ತದ. ನಿನಗ ಗೊತ್ತಾಗಲ್ಲೇನು? ಸೋಮವಾರದಿಂದ ಒಲಿ ಮುಂದ ಬ್ಯಾರೆಯವರು ಕುಂದರ್ತಾರ. ನೀ ಗಲ್ಲೆ ನೋಡ್ಕೋ."

ಅಂಗಡಿ ಅವಳ ಹೆಸರಿನಲ್ಲಿತ್ತು. ಹೇಳುವ ಹಕ್ಕೂ ಅವಳಿಗಿತ್ತು. ಅದೇ ಅವನಿಗೆ ಸಹಿಸಲಾಗದ್ದು.

ದೇವಿಂದ್ರ ದಡ್ಡನಲ್ಲ, ವಿಚಾರಿಸಿಯೇ ನೋಡಿದ. ಹಿಂಡಿಯನ್ನು ಮೂಸಿದ, ಯಾವ ಕಮಟೂ ಇಲ್ಲ. ಉಪ್ಪು, ಖಾರ ನಾಲಿಗೆಗೆ ಸರಿಯಾಗಿಯೇ ಹತ್ತಿದವು. ಆಮೇಲೆ ಉದ್ರಿ ಉಣ್ಣುವ ಚನ್ನುವನ್ನು ಕೇಳಿದ. "ಭಾಳ ಛಲೋ ಅದ ಅಣ್ಣಾ," ಎಂದ ಚನ್ನು. ರೊಟ್ಟಿ ಬಡಿಯುವ ಅನಸುಬಾಯಿಯನ್ನು ಕೇಳಿದ. "ಭಾಳ ಛಲೋ ಅದರಿ," ಎಂದಳು. ಹಿಂದೆ ಕೆಲಸಕ್ಕಿದ್ದ ಒಬ್ಬಾಕೆ ಪಲ್ಯ ಕೆಟ್ಟಿದೆ ಎಂದಿದ್ದಳು, ನಿಜ. ಅವಳನ್ನು ಅಂದೇ ಮನೆಗೆ ಕಳಿಸಿದ್ದ, ಸೊಕ್ಕಿನ ಹೆಂಗಸು. ಗಿರಾಕಿ ಕಡಿಮೆಯಾದದ್ದು ಪಾಲಿಶ್ ಕೆಲಸ ಕಡಿಮೆಯಾದದ್ದಕ್ಕೆ, ಅಷ್ಟೇ. ಎಲ್ಲರೂ ಛಲೋ ಎನ್ನುವಾಗ ಒಬ್ಬಳೇ ನಾರುತ್ತದೆ ಎಂದರೆ ಅಡುಗೆಯಲ್ಲ, ಅವಳ ಮನಸ್ಸು ಕೆಟ್ಟಿದೆ. ಅಂಥವಳು ಬದುಕಿರಬೇಕಾದರೂ ಯಾಕೆ?

ದಾರಿಯನ್ನು ಅಕ್ಕನೇ ಮಾಡಿಟ್ಟಿದ್ದಳು. ಭಂಕೂರದ ಹೊಲದಲ್ಲಿ ತೊಗರಿಗೆ ಔಷಧ ಕಲಸಿ ಹೊಡೆಸುವುದು ಅವಳೇ. ಅದೇ ಕೈಯನ್ನು ನೀರಿಗೆ ಅದ್ದಿದಂತೆ ಮಾಡಿ ಬದುವಿನ ಮೇಲೆ ಬುತ್ತಿ ಉಣ್ಣಲು ಕೂಡುತ್ತಾಳೆ. ಬೈದು ಬೈದು ಕೂಲಿಯವರಿಗೂ ಸಾಕಾಗಿತ್ತು. ಹಾಗಾಗಿ ಅವಳು ಅಲ್ಲೇ ಬಿದ್ದರೆ ಯಾರೂ ಅವನತ್ತ ನೋಡುವುದಿಲ್ಲ. ಔಷಧದ ಕೈಯಲ್ಲೇ ಉಂಡಳು ಪಾಪ, ಎನ್ನುತ್ತಾರೆ. ಅವನು ಎದೆ ಬಡಿದುಕೊಂಡು ಅಳುತ್ತಾನೆ. ಅಳುವುದು ಕಷ್ಟವಾಗಲಾರದು, ಎಷ್ಟಾದರೂ ಅಕ್ಕ.

ಹೊಲದ ಕೋಣೆಯಲ್ಲಿದ್ದ ಅವಳ ಬಾಟಲಿಯಿಂದಲೇ ಸ್ವಲ್ಪ ಔಷಧ ತಂದ. ಮುಚ್ಚಳ ತೆಗೆದು ಎಚ್ಚರದಿಂದ ಮೂಸಿದ. ನೀರಿನ ಹಾಗಿತ್ತು, ವಾಸನೆಯೇ ಇಲ್ಲ! ಅವನಿಗೆ ನಗು ಬಂತು. ಇನ್ನು ರುಚಿಯೇನಾದರೂ ಇದ್ದರೆ ಪುಂಡಿ ಪಲ್ಯದ ಹುಳಿ, ಬೆಳ್ಳುಳ್ಳಿ ನುಂಗಿಬಿಡುತ್ತವೆ.

ಭಾನುವಾರ ಬೆಳಿಗ್ಗೆ ರಬ್ಬರಿನ ಕೈಗವಸು ಹಾಕಿಕೊಂಡು ಅಕ್ಕನ ಬುತ್ತಿ ಡಬ್ಬಿಯ ಪಲ್ಯಕ್ಕೆ ಬೆರೆಸಿದ. ಹಿತ್ತಿಲ ಒಲೆಯ ಮುಂದಿದ್ದ ಅನಸುಬಾಯಿಗೆ ಕೇಳುವಂತೆ, "ಪಲ್ಯದ ಘಮ ಅಲ್ಲಿತನಕ ಬರಲಿಕತ್ತದೇನು?" ಎಂದ.

"ಬರಲಿಕತ್ತದರಿ. ಭಾಳ ಛಲೋ ಅದರಿ," ಎಂದಳು ಅವಳು, ಮೂಗಿಗೆ ಸೆರಗು ಒತ್ತಿಕೊಂಡು. ಒಲೆಯ ಹೊಗೆ ಇರಬೇಕು ಎಂದುಕೊಂಡ.

ಡಬ್ಬಿ ಹಿಡಿದು ಗಿರಾಕಿಗಳ ನಡುವೆ ಗಲ್ಲೆಯತ್ತ ನಡೆದ. ಅಕ್ಕ ಹೊಲಕ್ಕೆ ಹೊರಟು ನಿಂತಿದ್ದಳು. ಚನ್ನು ತುತ್ತು ಬಿಟ್ಟು ಟವೆಲಿನಿಂದ ಮೂಗು ಮುಚ್ಚಿಕೊಂಡ. ಪಕ್ಕದವನೂ ಮುಚ್ಚಿಕೊಂಡ. ಊಟದ ಮುಂದೆ ಎಂಥ ನಡತೆ ಇವರದು, ಎಂದು ದೇವಿಂದ್ರನಿಗೆ ಸಿಟ್ಟು ಬಂತು.

"ಡಬ್ಬ್ಯಾಗ ಏನ್ ಹಾಕೀದಿ?" ಅಕ್ಕ ಹಿಂದೆ ಸರಿದಳು.

"ಪುಂಡಿ ಪಲ್ಯ. ಯಾಕ, ಇದೂ ನಾರ್ತದೇನು?" ಎಲ್ಲರೆದುರಿಗೆ ಇವತ್ತು ತೀರ್ಮಾನವಾಗಿಯೇ ಹೋಗಲಿ ಎಂದು ಡಬ್ಬಿಯ ಮುಚ್ಚಳ ತೆಗೆದ. ಮೂಗಿನ ಹತ್ತಿರ ಹಿಡಿದು ಉಸಿರೆಳೆದ. "ಅನಸುಬಾಯಿ! ಬಾ ಇಲ್ಲಿ. ಅಂಜಬ್ಯಾಡ, ಇದ್ದದ್ದು ಇದ್ದಂಗ ಹೇಳು."

ಇಷ್ಟು ವರ್ಷದಲ್ಲಿ ಅಂಜಬೇಡ ಎಂದು ಅವನು ಹೇಳಿದ್ದು ಇದೇ ಮೊದಲು. ಅನಸುಬಾಯಿ ಸೆರಗಿನೊಳಗಿಂದಲೇ ಎಲ್ಲರಿಗೂ ಕೇಳುವಂತೆ ಹೇಳಿದಳು, "ತೊಗರಿಗಿ ಹೊಡಿಯೋ ಔಷಧ ನಾರಲಿಕತ್ತದರಿ. ಮುಂಜಾನಿಂದ ಅಡಗಿ ಮನಿ ತುಂಬ ಅದೇ ಅದ, ಅಂಜಿ ಛಲೋ ಅಂದೆ. ಹೋದ ವರ್ಷ ಜ್ವರ ಬಂದು ಹೋದ ಮ್ಯಾಗ ನಿಮಗ ವಾಸನಿನೇ ಹತ್ತಲ್ರಿ. ನಮಗೆಲ್ಲ ಗೊತ್ತದರಿ." ಅಕ್ಕ ಅವನ ಕೈಯಿಂದ ಡಬ್ಬಿಯನ್ನು ಮೆಲ್ಲಗೆ ತೆಗೆದುಕೊಂಡು ಗಲ್ಲೆಯ ಮೇಲಿಟ್ಟಳು, ಆಮೇಲೆ ಪೊಲೀಸರಿಗೆ ಫೋನು ಹಚ್ಚಿದಳು.