ಸಿಗದ ಪೇಪರು

ಆ ಯುವ ಡಾಕ್ಟರ್ ಮೊದಲ ದಿನ ಬಂದಾಗ, ಆಸ್ಪತ್ರೆಯ ಲೈಬ್ರರಿಯವಳು ಅವನನ್ನು ಫ್ಯಾನ್ ರಿಪೇರಿಯವನೆಂದುಕೊಂಡು ಏಣಿ ತೋರಿಸಿದ್ದಳು. ಅವನೂ ಮಾತಾಡದೆ ಹತ್ತಿ, ರೆಕ್ಕೆ ತಿರುಗಿಸಿ ನೋಡಿ, ಆಮೇಲೆ ಹೇಳಿದ: “ಮೇಡಂ, ನಾನು ಮೂಳೆ ರಿಪೇರಿಯವನು.”

ಅವನಿಗೆ ಬೇಕಿದ್ದುದು ಒಂದು ಪ್ರಶ್ನೆಗೆ ಉತ್ತರ. ಸೊಂಟದ ಆಪರೇಷನ್ ಆದ ವಯಸ್ಸಾದವರ ಪಕ್ಕ ಮನೆಯವರು ಕೂತಿದ್ದರೆ ನೋವು ತಗ್ಗುತ್ತದೆಯೇ? ಲೋಕದ ಡಾಕ್ಟರುಗಳು ಬರೆದ ಸಂಶೋಧನೆಯ ಪೇಪರುಗಳೆಲ್ಲ ಡೇಟಾಬೇಸಿನಲ್ಲಿ ರಾಶಿ ಬಿದ್ದಿದ್ದವು. ಯಾವ ಯಾವ ಪದ ಹಾಕಿ ಹುಡುಕಬೇಕೆಂದು ಮೊದಲು ಪ್ಲಾನ್ ಮಾಡಬೇಕು. ಅದು ಅವಳ ಕೆಲಸ.

ಸಂಜೆ ಹೊತ್ತು ಇಬ್ಬರೂ ಕಿಟಕಿ ಪಕ್ಕ ಕೂತು ಪದ ಹೆಕ್ಕಿದರು.

“ಮನೆಯವರು ಅಂತ ಒಂದೇ ಹಾಕಿದ್ರೆ ಸಾಲಲ್ಲ,” ಎಂದಳು. “ಒಬ್ಬೊಬ್ರು ಒಂದೊಂದು ಥರ ಬರೆದಿರ್ತಾರೆ. ಮಕ್ಕಳು, ಬಂಧುಗಳು...”

“ಸಂಗಾತಿ,” ಎಂದ ಅವನು, ಅವಳ ಮುಖ ನೋಡದೆ.

ಅವಳು ಅದನ್ನು ಎರಡು ಸಲ ಟೈಪ್ ಮಾಡಿ, ಒಂದನ್ನು ಅಳಿಸಿದಳು.

ಹುಡುಕಾಟ ಸರಿಯಿದೆಯೇ ಎಂದು ನೋಡಲು ಅವಳದೊಂದು ಕ್ರಮವಿತ್ತು. “ನಿಮಗೆ ಮೊದಲೇ ಗೊತ್ತಿರೋ ನಾಲ್ಕು ಪೇಪರ್ ಹೆಸರು ಕೊಡಿ. ಅವು ಸಿಗದಿದ್ರೆ ನಮ್ಮ ಬಲೇಲಿ ತೂತಿದೆ ಅಂತ.”

ಮೂರು ಸಿಕ್ಕವು. ನಾಲ್ಕನೆಯದು, ಪದ ಬದಲಿಸಿದರೂ ಕೂಡಿಸಿದರೂ, ಜಪ್ಪಯ್ಯ ಎಂದರೂ ಸಿಗಲಿಲ್ಲ. “ಹಾಗಾದ್ರೆ ನಾಳೆ ಬರ್ತೀನಿ,” ಎಂದು ಅವನು ದಿನವೂ ಏಳುತ್ತಿದ್ದ. ಮುಖದಲ್ಲಿ ಬೇಸರದ ಸುಳಿವೂ ಇರುತ್ತಿರಲಿಲ್ಲ.

“ಏನೇ, ಇಷ್ಟು ದಿನ ಹುಡುಕ್ತಿರೋದು ಸೂಜೀನಾ, ಆನೇನಾ?” ಮನೆಯಲ್ಲಿ ಅತ್ತಿಗೆ ಕಾಲೆಳೆದಳು.

“ಸುಮ್ನಿರಿ ಅತ್ತಿಗೆ.”

ಹಾಗೆಂದು ಅವಳು ನಕ್ಕಳು, ಆದರೆ ಒಳಗೆ ಅಳುಕು. ಹುಡುಕಾಟ ಮುಗಿದರೆ ಲೈಬ್ರರಿ ಮೆಟ್ಟಿಲ ಮೇಲೆ ಅವನ ಹೆಜ್ಜೆ ಸದ್ದೂ ಮುಗಿಯುತ್ತದೆ. ಆ ಸದ್ದಿಗಾಗಿ ಮಧ್ಯಾಹ್ನದಿಂದಲೇ ಅವಳ ಕಿವಿ ಕಾದಿರುತ್ತಿತ್ತು.

ಕೊನೆಗೊಂದು ದಿನ ದೊಡ್ಡ ಡಾಕ್ಟರು, ಪ್ಲಾನ್ ಇವತ್ತೇ ಬೇಕೆಂದರು. ಅವನು ಬಂದು ಪೆಚ್ಚಾಗಿ ಕೂತ.

“ನಾಲ್ಕನೇದು ಬಿಟ್ಟುಬಿಡೋಣ,” ಎಂದಳು. “ಅದು ಮಕ್ಕಳ ಹುಳುಕು ಹಲ್ಲಿನ ಪೇಪರು, ಡಾಕ್ಟ್ರೇ. ಸೊಂಟದ ಪ್ಲಾನಲ್ಲಿ ಹೇಗೆ ಸಿಗುತ್ತೆ?”

ಅವನ ಕಿವಿ ಕೆಂಪಾಯಿತು. “ಅದು ಸಿಗೋವರೆಗೂ ಬರಬಹುದಲ್ಲ ಅಂತ...” ಎಂದ. “ಯಾವಾಗ ಗೊತ್ತಾಯ್ತು?”

“ನೀವು ಕೊಟ್ಟ ದಿನಾನೇ ಅದರ ಹೆಸರು ಹಾಕಿ ತೆಗೆದು ಓದಿದ್ದೆ.”

ಅವನು ತಲೆಯೆತ್ತಿದ. ಇಷ್ಟು ಸಂಜೆ ತನ್ನ ಜೊತೆ ಕೂತು, ಸಿಗುವುದಿಲ್ಲವೆಂದು ಗೊತ್ತಿದ್ದೂ ಹುಡುಕಿದವಳ ಮುಖವನ್ನೇ ನೋಡಿದ.

ಅವಳು ಕಂಪ್ಯೂಟರಿನತ್ತ ತಿರುಗಿ ಪ್ಲಾನ್ ಕಳಿಸಿದಳು. “ಮುಗೀತು. ನಾಳೆಯಿಂದ ನಿಮಗಿಲ್ಲಿ ಕೆಲಸ ಇಲ್ಲ.”

“ಕೆಲಸ ಇಲ್ದೆ ಬಂದ್ರೆ?”

ಮೇಲೆ ಫ್ಯಾನು ಕಿರುಗುಟ್ಟಿತು.

“ಬನ್ನಿ,” ಎಂದಳು ಮೆಲ್ಲಗೆ. “ಪೇಪರ್ ತರಬೇಡಿ.”