ಹಾಡಿನೊಳಗೆ ಕೂಗಿದ ಕುಕ್ಕರ್

"ನಿಮ್ಮ ಕುಕ್ಕರ್ ನನ್ನ ಹಾಡನ್ನ ಹಾಳು ಮಾಡಿಬಿಡ್ತು, ಮೇಡಂ!"

ಬಾಗಿಲು ತೆರೆದ ವಸುಂಧರಾ ಬೆಚ್ಚಿದಳು. ಕುತ್ತಿಗೆಯಲ್ಲಿ ಹೆಡ್‌ಫೋನ್, ಕೆದರಿದ ಕೂದಲು... ಪಕ್ಕದ ಮನೆಯವನು! ಟೋಕಿಯೋದ ಎಡೋಗಾವಾದಲ್ಲಿ ಕನ್ನಡದಲ್ಲಿ ಬೈಸಿಕೊಳ್ಳುವುದೆಂದರೇನು!

"ಸುಮಿಮಾಸೆನ್... ಅಯ್ಯೋ, ಸಾರಿ! ನಿಮಗೆ ಕನ್ನಡ ಹೇಗೆ ಬರತ್ತೆ?"

"ಬೆಂಗಳೂರಲ್ಲಿ ಓದಿದ್ದೆ. ನೀವು ಫೋನಲ್ಲಿ ಅಮ್ಮನ ಹತ್ರ ಜಗಳ ಆಡೋದೂ ಕೇಳ್ಸತ್ತೆ. ಗೋಡೆ ಅಷ್ಟು ತೆಳು!" ಅವನು ಮೂಗರಳಿಸಿದ. "ಏನದು... ಘಮ್ ಅಂತಿದೆ?"

"ಬಸ್ಸಾರು."

ಅವನ ಕೋಪ ಅಲ್ಲಿಗೇ ಇಳಿಯಿತು.

ದೀಪಾಂಜನ್ ಕೋಲ್ಕತ್ತಾದವನು. ಕೆಲಸ ಬಿಟ್ಟು, ಬಂಗಾಳಿ ರಾಕ್ ಹಾಡುಗಳ ಮೊದಲ ಆಲ್ಬಂಗಾಗಿ ಮನೆಯಲ್ಲೇ ಹಾಡಿ ರೆಕಾರ್ಡ್ ಮಾಡುತ್ತಿದ್ದ. ಮಾರ್ಚ್‌ನ ದೊಡ್ಡ ಭೂಕಂಪದ ನಂತರ ಆ ಕಟ್ಟಡದ ಭಾರತೀಯರೆಲ್ಲ ಊರಿಗೆ ಹೊರಟುಹೋಗಿದ್ದರು. ಉಳಿದವರು ಇವರಿಬ್ಬರೇ. ನೆಲ ಇನ್ನೂ ಆಗಾಗ ನಡುಗುತ್ತಿತ್ತು.

ಸಂಜೆ ಕುಕ್ಕರ್ ಕೂಗಿದರೆ ಅವನು ಹಾಜರು. ಅವಳು ಬಡಿಸುವಳು, ಅವನು ಹಾಡುವನು. ಒಂದು ಪದವೂ ಅರ್ಥವಾಗದಿದ್ದರೂ ಅವಳ ಕಣ್ಣು ತುಂಬುತ್ತಿತ್ತು.

'ಇವನಿಲ್ಲದಿದ್ದರೆ ನಾನೂ ಹೊರಟುಬಿಡುತ್ತಿದ್ದೆನೇನೋ...'

ಹೇಳಲು ಮಾತ್ರ ಧೈರ್ಯವಿರಲಿಲ್ಲ.

ಒಂದು ದಿನ ಅವನು ಕುಣಿಯುತ್ತಾ ಬಂದ. "ವಸು, ಸ್ಟುಡಿಯೋದವರು ಒಪ್ಪಿದ್ರು! ಇನ್ನೊಂದು ಹಾಡು ಕೊಟ್ರೆ ಆಲ್ಬಂ ಶುರು!"

ಅವನಿಗೆ ಹೇಳದೆಯೇ ಅವಳು ಅಂದೇ ನಿರ್ಧರಿಸಿದಳು. ಅವನ ಹಾಡು ಮುಗಿಯುವವರೆಗೆ ಈ ಮನೆಯಿಂದ ಸದ್ದು ಹೊರಡಬಾರದು! ಕುಕ್ಕರ್ ಕಪಾಟು ಸೇರಿತು. ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯ ಅನ್ನದುಂಡೆಯೇ ರಾತ್ರಿಯೂಟ. ಅಮ್ಮನ ಜೊತೆಗೂ ಪಿಸುಮಾತು. ನೆರೆಯವರಿಗೆ ತೊಂದರೆ ಕೊಡಬಾರದೆಂಬ ಜಪಾನಿನ ಪಾಠವನ್ನು ನಮ್ಮ ಹುಡುಗಿ ಸ್ವಲ್ಪ ಹೆಚ್ಚೇ ಕಲಿತಿದ್ದಳು.

ವಾರ ಕಳೆದರೂ ಅವನು ಒಮ್ಮೆಯೂ ಬಾಗಿಲು ತಟ್ಟಲಿಲ್ಲ. ಆಮೇಲೆ ಒಂದು ಮಾತೂ ಹೇಳದೆ ಪಕ್ಕದೂರು ಇಚಿಕಾವಾದ ಗೆಳೆಯನ ಮನೆಗೆ ಹೋಗಿಬಿಟ್ಟ!

'ದೊಡ್ಡ ಗಾಯಕನಾಗುವವನಿಗೆ ನನ್ನ ಬಸ್ಸಾರು ಯಾಕೆ ಬೇಕು?'

ತಿಂಗಳುಗಳು ಉರುಳಿದವು. ಒಂದು ದಿನ ಆಫೀಸಿನಲ್ಲಿ ಗೆಳತಿ ನಮ್ರತಾ ಓಡಿಬಂದಳು.

"ನಿನ್ನ ನೇಬರ್ ಆಲ್ಬಂ ಸೂಪರ್ ಹಿಟ್ ಕಣೇ! ಕೋಲ್ಕತ್ತಾದಲ್ಲಿ ಎಲ್ಲರ ಬಾಯಲ್ಲೂ ಅದೇ ಅಂತೆ. ಇವತ್ತು ಮನೆ ಖಾಲಿ ಮಾಡಿ ಇಂಡಿಯಾಗೆ ಹೋಗ್ತಿದಾನಂತೆ, ಆನ್‌ಲೈನಲ್ಲಿ ಹಾಕಿದಾನೆ!"

ಮನೆಗೆ ಮರಳುವ ರೈಲಿನಲ್ಲಿ ವಸುಂಧರಾ ಆ ಆಲ್ಬಂ ಕೇಳಿದಳು. ಕೊನೆಯ ಹಾಡು. ಗಿಟಾರ್ ನಿಂತಿತು. ದೂರದಲ್ಲಿ ಏನೋ ಕೂಗಿತು. ಒಂದು... ಎರಡು... ಮೂರು.

ಅವಳ ಕುಕ್ಕರ್!

ಹಾಳಾಯಿತೆಂದು ಬೈದಿದ್ದ ಅದೇ ಹಾಡು! ಅವಳು ಬಿಕ್ಕಿ ಅತ್ತಳು. ಪಕ್ಕದಲ್ಲಿದ್ದ ಜಪಾನಿ ಅಜ್ಜಿ ಅವಳ ಮುಖ ನೋಡದೆಯೇ ಟಿಶ್ಯೂ ಚಾಚಿದರು.

ಅವನ ಬಾಗಿಲ ಮುಂದೆ ಸಾಮಾನು ತುಂಬಿದ ರಟ್ಟಿನ ಡಬ್ಬಗಳು. ಬೆಲ್ ಒತ್ತಲು ಹೋದ ಕೈ ಹಿಂದಕ್ಕೆ ಬಂತು. ಅವಳು ಒಳಗೆ ಓಡಿ ಕುಕ್ಕರ್ ಇಳಿಸಿ, ಅಕ್ಕಿ ಹಾಕಿ, ಒಲೆ ಹಚ್ಚಿದಳು.

ಒಂದು ಕೂಗು. ಎರಡು...

ಟಿಂಗ್ ಟಾಂಗ್!

"ವಸು... ನೀನು ಇಲ್ಲೇ ಇದ್ಯಾ?" ಬಾಗಿಲಲ್ಲಿ ದೀಪಾಂಜನ್! "ಎಲ್ಲರ ಹಾಗೆ ನೀನೂ ಊರಿಗೆ ಹೋದೆ ಅಂದ್ಕೊಂಡೆ!"

"ಯಾರು ಹೇಳಿದ್ರು?"

"ನಿನ್ನ ಕುಕ್ಕರ್! ನೆಲ ನಡುಗಿದಾಗೆಲ್ಲ ಅದರ ಕೂಗಿಗೇ ಕಾಯ್ತಿದ್ದೆ. ಕೇಳಿಸಿದ್ರೆ, ವಸು ಕ್ಷೇಮವಾಗಿದ್ದಾಳೆ ಅಂತ ಸಮಾಧಾನ. ಒಂದು ದಿನ ನಿಂತೇಹೋಯ್ತು..."

"ನಿನ್ನ ಹಾಡಿಗೋಸ್ಕರ ನಿಲ್ಲಿಸಿದ್ದು ಕಣೋ! ಒಂದು ಫೋನ್ ಮಾಡೋಕೆ ಏನಾಗಿತ್ತು?"

"ಹೇಳದೇ ಹೋದವಳನ್ನ ಏನಂತ ಕೇಳ್ಲಿ?"

ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ. ಈ ಗೋಡೆಯ ಎರಡೂ ಕಡೆ ಬರೀ ಕಿವಿಗಳೇ ಇದ್ದವು. ಬಾಯಿ ಬಿಟ್ಟು ಕೇಳುವವರೇ ಇರಲಿಲ್ಲ.

"ದೀಪು... ಹೋಗಬೇಡ. ನೀನಂದ್ರೆ ನಂಗೆ ತುಂಬಾ ಇಷ್ಟ."

"ನೀನಿಲ್ಲ ಅಂತಲೇ ಹೊರಟಿದ್ದೆ, ಹುಚ್ಚಿ. ಇನ್ನೆಲ್ಲಿಗೆ ಹೋಗ್ಲಿ?" ಅವನು ಅವಳ ಎರಡೂ ಕೈ ಹಿಡಿದುಕೊಂಡ.

ಒಳಗೆ ಮೂರನೆಯ ಕೂಗು.

"ಬಿಡೋ, ಅನ್ನ ಸೀದುಹೋಗತ್ತೆ!"

"ಹೋಗ್ಲಿ... ಇನ್ನೊಂದು ಸಲ ಕೂಗಲಿ. ನೀನಿದ್ದೀಯ ಅಂತ ಗೊತ್ತಾಗತ್ತೆ."

"ಎದುರಿಗೇ ಇದ್ದೀನಲ್ಲೋ!"

"ಆದ್ರೂ..."