ಸ್ಪೇನಿನ ಬಾಲ್ಕನಿ, ನೆವಿಲ್‌ನ ಕ್ಯಾರವಾನ್

"ಕಾಣಿಸ್ತಿಲ್ಲ ಕಣೇ!" ನೆವಿಲ್ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ. "ಲಿನೆಟ್, ಎಲ್ಲಿ ಹೋದೆ? ಕನ್ನಡೀಲಿ ಕಾಣಿಸ್ತಾನೇ ಇಲ್ಲ ನೀನು!"

"ಇಲ್ಲೇ ಇದೀನಲ್ಲೋ! ಕೈ ಬೀಸಿ ಬೀಸಿ ಭುಜ ಬಿದ್ದುಹೋಯ್ತು!"

"ಇಲ್ಲೇ ಅಂದ್ರೆ ಎಲ್ಲಿ?"

"ನಿನ್ನ ಕ್ಯಾರವಾನ್ ಹಿಂದೆ! ಇನ್ನೆಲ್ಲಿರ್ತೀನಿ, ಸ್ಪೇನಲ್ಲಾ?"

ಸ್ಪೇನ್ ಎಂದದ್ದೇ ತಡ, ಅವನ ತಲೆ ಆಮೆಯ ಹಾಗೆ ಒಳಗೆ ಹೋಯಿತು. ಈ ವಾರಾಂತ್ಯ ಆ ಹೆಸರು ಎತ್ತಬಾರದೆಂದು ನಾವಿಬ್ಬರೂ ಒಪ್ಪಿಕೊಂಡಿದ್ದೆವು. ನಾನೇ ಮಾತು ಮುರಿದೆ. ಏನು ಮಾಡಲಿ, ತಾಳ್ಮೆಗೂ ಒಂದು ಮಿತಿ ಬೇಡವೇ?

ಫೈಲಿ ಊರಿನ ಸಮುದ್ರದ ಪಕ್ಕದ ಈ ಮೈದಾನಕ್ಕೆ ಹೊಸ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕೊಂಡಿ ಹಾಕಿ ಎಳೆಯುವ ಗಾಲಿಮನೆ, ಬಂತೆಂದರೆ ಮೊದಲೇ ಬಂದು ಕೂತವರಿಗೆ ಅದು ಪುಕ್ಕಟೆ ಸಿನಿಮಾ. ಎಲ್ಲರೂ ಮಡಚುವ ಕುರ್ಚಿ ಹೊರಗೆ ತಂದು, ಟೀ ಮಗ್ ಹಿಡಿದು, ಸಮುದ್ರ ನೋಡುವವರಂತೆ ಕೂರುತ್ತಾರೆ. ಯಾರೂ ನೇರವಾಗಿ ನೋಡುವುದಿಲ್ಲ, ಯಾರೂ ಒಂದು ಕ್ಷಣವನ್ನೂ ತಪ್ಪಿಸಿಕೊಳ್ಳುವುದಿಲ್ಲ.

ನೆವಿಲ್ ಬಾರ್ನ್‌ಸ್ಲಿಯಿಂದ ಡಾಂಕಾಸ್ಟರ್‌ಗೆ ಜೀವಮಾನವಿಡೀ ಬಸ್ಸು ಓಡಿಸಿದವನು. ಎರಡಂತಸ್ತಿನ ಬಸ್ಸನ್ನು ಶಿಳ್ಳೆ ಹಾಕುತ್ತಾ ಡಿಪೋದೊಳಕ್ಕೆ ಹಿಮ್ಮುಖವಾಗಿ ತಂದು ನಿಲ್ಲಿಸುತ್ತಿದ್ದ. ಆದರೆ ಬಸ್ಸಿಗೆ ಸೊಂಟವಿಲ್ಲ, ಕ್ಯಾರವಾನಿಗಿದೆ. ಹಿಂದಕ್ಕೆ ಬರುವಾಗ ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೊರಳುತ್ತದೆ. ಇದನ್ನು ನನ್ನ ತಮ್ಮ ಹೇಳಿಕೊಟ್ಟಿದ್ದ. ಕಾರೂ ಅವನದೇ, ಕ್ಯಾರವಾನೂ ಅವನದೇ. ನೆವಿಲ್ ಕೇಳಬೇಕಲ್ಲ!

"ಎಡಕ್ಕೆ ಬರ್ಬೇಕು ಕಣೋ!"

"ಎಡಕ್ಕೇ ತಿರುಗಿಸ್ತಿದೀನಿ!"

"ಅದಕ್ಕೇ ಬಲಕ್ಕೆ ಬರ್ತಿದೆ!"

"ನಂಗೆ ಡ್ರೈವಿಂಗ್ ಹೇಳಿಕೊಡ್ತೀಯಾ?"

"ಹೇಳಿಕೊಟ್ರೆ ತಾನೇ ಕಲಿಯೋದು!"

ಕುರ್ಚಿಗಳಲ್ಲಿ ಒಬ್ಬರು ಕೆಮ್ಮಿದರು. ಅದು ನಗು ಎಂದು ನನಗೆ ಗೊತ್ತಾಯಿತು.

ನಮ್ಮ ತಕರಾರು ಇಷ್ಟೇ. ನೆವಿಲ್ ನಿವೃತ್ತನಾದಾಗ ಬಂದ ದುಡ್ಡಿನಲ್ಲಿ ಒಂದೇ ಕನಸು ಕೊಳ್ಳಬಹುದು. ನನ್ನದು ಸ್ಪೇನಿನ ಅಲಿಕಾಂತೆಯ ಹತ್ತಿರ ಬಾಲ್ಕನಿ ಇರುವ ಪುಟ್ಟ ಫ್ಲಾಟು. ಅವನದು ಕ್ಯಾರವಾನ್. ಎರಡನ್ನೂ ಒಂದೊಂದು ಸಲ ನೋಡಿಬಿಟ್ಟು, ಸೋಮವಾರ ಫ್ಲಾಟಿನವರಿಗೆ ಹೂಂ ಅಥವಾ ಉಹೂಂ ಹೇಳಬೇಕು.

ಮೇ ತಿಂಗಳಲ್ಲಿ ಸ್ಪೇನ್ ನೋಡಿಬಂದೆವು. ಶಾಲೆಯ ಅಡುಗೆಮನೆಯಲ್ಲಿ ತಣ್ಣೀರಲ್ಲಿ ತೊಳೆದೂ ತೊಳೆದೂ ಗಂಟು ಕಟ್ಟಿದ ನನ್ನ ಬೆರಳುಗಳು ಆ ಬಿಸಿಲಿಗೆ ತಾವಾಗಿಯೇ ಬಿಚ್ಚಿಕೊಂಡವು. ಬಾಲ್ಕನಿಯಲ್ಲಿ ಎರಡು ಕುರ್ಚಿ ಹಾಕಿದೆ. ಅವನ ಪಾಳಿ ಮುಗಿಯಲೆಂದು ಊಟದ ತಟ್ಟೆಗೆ ಮುಚ್ಚಳ ಮುಚ್ಚಿ ಕಾದು ಕಾದು ಸವೆದವಳು ನಾನು. ಇನ್ನು ಮುಂದಾದರೂ ಎಲ್ಲಿಗೂ ಹೊರಡಬೇಕಿಲ್ಲದ ಗಂಡಸೊಬ್ಬ ನನ್ನ ಪಕ್ಕ ಕೂರಲಿ ಎಂಬುದಷ್ಟೇ ನನ್ನ ಆಸೆ.

ಮಹಾಶಯ ಎಲ್ಲಿದ್ದ ಗೊತ್ತೇ? ಬಸ್ ಸ್ಟಾಪಿನಲ್ಲಿ! ದಿನಾ ತಿಂಡಿ ತಿಂದು ಹೋದರೆ ಮಧ್ಯಾಹ್ನವೇ ವಾಪಸ್ಸು. "ಇಲ್ಲಿನ ಡ್ರೈವರ್‌ಗಳು ಬ್ರೇಕ್ ಮೇಲೆ ಕುಣೀತಾರೆ ಕಣೇ" ಎಂದು ವರದಿ ಬೇರೆ. ನಾನು ಎರಡು ಕುರ್ಚಿಯಲ್ಲಿ ಒಂದರಲ್ಲೇ ಕೂತು ಸಮುದ್ರ ನೋಡಿದೆ. ಅತ್ತೂ ಬಿಟ್ಟೆ, ಅವನಿಗೆ ಹೇಳಲಿಲ್ಲ.

ಈ ದಿನ ಬೆಳಿಗ್ಗೆಯೂ ಹಾಗೆಯೇ ಆಯಿತು. ನಮ್ಮ ಮನೆಗೆ ಕಾರು ಬಂದದ್ದೇ ಇಲ್ಲ. ಬಸ್ಸಿನ ಪುಕ್ಕಟೆ ಪಾಸಿರುವಾಗ ಯಾಕೆ ಬೇಕು? ತಮ್ಮನ ಕಾರು ಹತ್ತಲು ಬಾಗಿಲು ತೆಗೆದರೆ, ಮುಂದಿನ ಸೀಟಿನಲ್ಲಿ ದಿಂಬು, ಫ್ಲಾಸ್ಕು, ಪೆಪ್ಪರ್‌ಮಿಂಟಿನ ಡಬ್ಬಿ ಆರಾಮವಾಗಿ ಕೂತಿದ್ದವು. ಫ್ಲಾಸ್ಕಿಗೆ ಜಾಗವಿದೆ, ಹೆಂಡತಿಗಿಲ್ಲ! ನಾನು ಹಿಂದೆ ಹತ್ತಿ ಕೂತೆ.

"ಅಲ್ಲೇ ಕೂರ್ತೀಯಾ?" ಎಂದು ಕೇಳಿದ್ದ.

"ಇಲ್ಲೇ ಚೆನ್ನಾಗಿದೆ."

"ಸರಿ. ನಿಂಗೆ ಹೇಗೆ ಬೇಕೋ ಹಾಗೆ."

ನಮ್ಮ ಯಾರ್ಕ್‌ಷೈರಿನಲ್ಲಿ ಗಂಡಹೆಂಡಿರ ಘೋರ ಜಗಳ ಎಂದರೆ ಇಷ್ಟೇ. ಅಲ್ಲಿಂದ ಫೈಲಿಯವರೆಗೆ ಇಬ್ಬರೂ ಪಿಟ್ಟೆನ್ನಲಿಲ್ಲ.

ಈಗ ಕ್ಯಾರವಾನ್ ಕಾರಿಗೆ ಅಡ್ಡಡ್ಡವಾಗಿ ಸೊಟ್ಟಗೆ ನಿಂತು, ಹಿಂದಕ್ಕೂ ಬರದೆ ಮುಂದಕ್ಕೂ ಹೋಗದೆ ಮೊಂಡು ಹಿಡಿಯಿತು. ಅಷ್ಟರಲ್ಲಿ ಮಳೆ ಶುರುವಾಯಿತು. ಕುರ್ಚಿಯವರು ಒಬ್ಬರೂ ಏಳಲಿಲ್ಲ, ಛತ್ರಿ ಬಿಚ್ಚಿದರು. ನಾನು ಒದ್ದೆಯಾಗಿ ಕಾರಿನ ಹಿಂದಿನ ಬಾಗಿಲು ತೆಗೆದು ಒಳಗೆ ಬಿದ್ದೆ.

ನೆವಿಲ್ ಎಂಜಿನ್ ಆರಿಸಿದ. ನೆತ್ತಿಯ ಮೇಲಿನ ಪುಟ್ಟ ಕನ್ನಡಿಯಲ್ಲಿ ಅವನ ಕಣ್ಣುಗಳು ನನ್ನನ್ನು ಹುಡುಕಿ, ಸಿಕ್ಕ ಮೇಲೆ ಅಲ್ಲೇ ನಿಂತವು.

ಆ ಕಣ್ಣುಗಳು! ಕೋಪದಲ್ಲಿ ಕುದಿಯುತ್ತಿದ್ದರೂ ನನ್ನ ಎದೆ ಹಳೆಯ ಚಾಳಿ ಬಿಡಲಿಲ್ಲ. ನಾನು ಮೊದಲು ಪ್ರೀತಿಸಿದ್ದು ಅವನ್ನೇ, ಅದೂ ಕನ್ನಡಿಯಲ್ಲೇ. ಮದುವೆಗೆ ಮುಂಚೆ ಅವನ ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟಿನಲ್ಲಿ ಕೂತರೆ ಡ್ರೈವರನ ಕನ್ನಡಿಗೆ ನೇರ ಸಿಗುತ್ತಿದ್ದೆ. ಬಸ್ಸು ಓಡುವಾಗ ಚಾಲಕನ ಜೊತೆ ಮಾತಾಡಬಾರದೆಂದು ಬೋರ್ಡು ಇತ್ತು. ನೆವಿಲ್ ಕಾನೂನಿನ ಮನುಷ್ಯ. ಆದ್ದರಿಂದ ಓಡುವಾಗ ಬರೀ ನೋಟ, ಸ್ಟಾಪಿನಲ್ಲಿ ನಿಂತಾಗ ಒಂದು ಮಾತು. "ಶನಿವಾರ" ಎಂದು ಒಂದು ಸ್ಟಾಪಿನಲ್ಲಿ, "ಡ್ಯಾನ್ಸಿಗೆ" ಎಂದು ಮುಂದಿನದರಲ್ಲಿ, "ಬರ್ತೀಯಾ?" ಎನ್ನುವಷ್ಟರಲ್ಲಿ ನಾನು ಇಳಿಯಬೇಕಾದ ಜಾಗ ದಾಟಿ ಎಷ್ಟೋ ಆಗಿತ್ತು.

"ಚಿನ್ನ," ಎಂದ ಈಗ, ಕನ್ನಡಿಗೆ. "ಆ ದಿಂಬು ಯಾರಿಗೆ ಅಂದ್ಕೊಂಡೆ?"

"ನಿನ್ನ ಫ್ಲಾಸ್ಕಿಗೆ."

"ನಿನ್ನ ಸೊಂಟಕ್ಕೆ ಕಣೇ. ಫ್ಲಾಸ್ಕಲ್ಲಿ ನಿನ್ನ ಟೀ. ಪೆಪ್ಪರ್‌ಮಿಂಟೂ ನಿಂದೇ, ನಂಗೆ ಅದು ಸೇರಲ್ಲ ಅಂತ ಗೊತ್ತಿಲ್ವಾ?"

ನಾನು ಮುಂದಕ್ಕೆ ಬಾಗಿ ದಿಂಬನ್ನು ಮುಟ್ಟಿ ನೋಡಿದೆ.

"ಬಸ್ಸಲ್ಲಿ ಡ್ರೈವರ್ ಪಕ್ಕ ಸೀಟೇ ಇರಲ್ಲ ಲಿನೆಟ್. ಇಷ್ಟು ವರ್ಷ ನಿನ್ನನ್ನ ಹಿಂದೆ ಕೂರಿಸ್ಕೊಂಡು ಕನ್ನಡೀಲಿ ನೋಡಿದ್ದಾಯ್ತು. ನಂಗೇನು ಕ್ಯಾರವಾನ್ ಹುಚ್ಚಾ? ಪಕ್ಕದಲ್ಲಿ ನೀನು ಕೂತಿರ್ಬೇಕು, ನಾನು ಓಡಿಸ್ಬೇಕು, ನೀನು ವಟವಟ ಅಂತಿರ್ಬೇಕು. ಇಲ್ಲಿ ಬೋರ್ಡ್ ಇಲ್ಲ ನೋಡು. ಅಷ್ಟೇ ನಂಗೆ ಬೇಕಾಗಿದ್ದು. ನೀನು ನೋಡಿದ್ರೆ ಸೀದಾ ಹಿಂದೆ ಹತ್ತಿದೆ."

"ಅಯ್ಯೋ ಮಂಕೇ! ಬೆಳಿಗ್ಗೆ ಬಾಯಲ್ಲಿ ಏನಿತ್ತು?"

"ನೀನೇ ಅಂದ್ಯಲ್ಲ, ಇಲ್ಲೇ ಚೆನ್ನಾಗಿದೆ ಅಂತ."

ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ನನ್ನ ತಲೆಯೋ ಅವನದೋ ತಿಳಿಯಲಿಲ್ಲ.

"ಇರ್ಲಿ ಬಿಡು," ಎಂದ ಮೆಲ್ಲಗೆ. "ಸೋಮವಾರ ಫ್ಲಾಟಿಗೆ ಹೂಂ ಅಂದ್ಬಿಡು. ಇಲ್ಲಿ ಆಗ್ತಿರ್ಲಿಲ್ಲ, ಸ್ಪೇನಲ್ಲಿ ನನ್ನ ಶರ್ಟಿನ ಗುಂಡಿ ನೀನೇ ಹಾಕಿದೆ. ನಿನ್ನ ಬೆರಳನ್ನ ನಾನು ನೋಡ್ಲಿಲ್ಲ ಅಂದ್ಕೊಂಡ್ಯಾ?"

ನನ್ನ ಕೋಪ ಇನ್ನೂ ಹೆಚ್ಚಾಯಿತು. ಇಂಥ ಮಾತು ಹೇಳುವ ಗಂಡಸಿನ ಜೊತೆ ಜಗಳವಾಡುವುದಾದರೂ ಹೇಗೆ?

"ಆಮೇಲೆ ದಿನಾ ಬಸ್ ಸ್ಟಾಪಲ್ಲಿ ನಿಂತ್ಕೋತೀಯಾ?"

ಅವನ ಕಿವಿ ಕೆಂಪಾಯಿತು. "ಅದು ಬರೀ ಬಸ್ ನೋಡೋಕಲ್ಲ. ಸ್ಟಾಪಿನ ಹಿಂದೆ ಕ್ಯಾರವಾನ್ ನಿಲ್ಸೋ ಮೈದಾನ ಇದೆ. ನಮ್ಮೂರ ಕಡೆಯೋರೇ ಚಳಿಗಾಲ ಪೂರ್ತಿ ಅಲ್ಲಿರ್ತಾರೆ. ಪೋರ್ಟ್ಸ್‌ಮತ್‌ನಿಂದ ಹಡಗಲ್ಲಿ ಕ್ಯಾರವಾನ್ ಹಾಕ್ಕೊಂಡು ಬರ್ತಾರಂತೆ. ಅವರತ್ರ ವಿಚಾರಿಸ್ತಿದ್ದೆ."

"ನೆವಿಲ್!"

"ಏನು?"

"ಮೇ ತಿಂಗಳಿಂದ ಇದನ್ನ ಹೊಟ್ಟೇಲಿ ಇಟ್ಕೊಂಡಿದೀಯಾ?"

"ನಿಂಗೆ ಬಾಲ್ಕನಿ ಮೇಲೆ ಅಷ್ಟೊಂದು ಆಸೆ. ಹೇಗೆ ಹೇಳ್ಲಿ?"

"ಬಾಲ್ಕನಿ ಯಾರಿಗೆ ಬೇಕಿತ್ತೋ! ಎರಡು ಕುರ್ಚಿ ಬೇಕಿತ್ತು. ಒಂದ್ರಲ್ಲಿ ನಾನು, ಇನ್ನೊಂದ್ರಲ್ಲಿ ನೀನು. ಅದಕ್ಕಿಂತ ಹೆಚ್ಚಿಗೆ ನಾನು ಯಾವತ್ತು ಕೇಳಿದೀನಿ?"

ಮಳೆ ಕಾರಿನ ಮೇಲೆ ಜೋರಾಗಿ ಹೊಯ್ಯುತ್ತಿತ್ತು. ಕನ್ನಡಿಯಲ್ಲಿ ಅವನ ಕಣ್ಣು ತುಂಬಿದ್ದು ಕಂಡಿತು.

"ಕ್ಯಾರವಾನ್ ಬಾಗಿಲ ಹೊರಗೂ ಎರಡು ಕುರ್ಚಿ ಹಾಕ್ಬಹುದು," ಎಂದ.

"ಹಾಕಿದ್ರೆ ಸಾಲದು. ಎರಡ್ರಲ್ಲೂ ಜನ ಇರ್ಬೇಕು. ಬೆಳಿಗ್ಗೆ ಪೂರ್ತಿ."

"ಇರ್ತೀನಿ."

"ಬಸ್ ಬಂದ್ರೂ?"

ಅವನು ತುಸು ಯೋಚಿಸಿದ, ದರಿದ್ರದವನು. "ಬಂದ್ರೂ."

ನಾನು ಇಳಿದು, ಮಳೆಯಲ್ಲೇ ಮುಂದಿನ ಬಾಗಿಲು ತೆಗೆದು, ಫ್ಲಾಸ್ಕನ್ನು ಹಿಂದಕ್ಕೆ ಎಸೆದು, ದಿಂಬಿಗೆ ಒರಗಿ ಕೂತೆ. ಪಕ್ಕದಿಂದ ನೋಡಿದರೆ ಅವನ ಮುಖ ಬೇರೆಯೇ ಇತ್ತು. ಕೆನ್ನೆಯ ಹತ್ತಿರ ಒಂದು ಗುಳಿ, ಕನ್ನಡಿಯಲ್ಲಿ ಎಂದೂ ಕಾಣದ್ದು.

ಛತ್ರಿಯವರೊಬ್ಬರು ಬಂದು ಗಾಜು ತಟ್ಟಿದರು. "ಕಾರಿಂದ ಕಳಚಿ ಕೈಯಲ್ಲೇ ತಳ್ಳಿಬಿಡೋಣ್ವಾ ಸರ್? ಎಲ್ರೂ ಸೇರ್ತೀವಿ."

"ಬೇಡಿ, ಥ್ಯಾಂಕ್ಸ್," ಎಂದೆ ನಾನೇ. "ಇವ್ರು ಕ್ಯಾರವಾನ್ ಎಳ್ಕೊಂಡು ಸ್ಪೇನ್‌ಗೆ ಹೊರಟಿದಾರೆ. ಇವತ್ತೇ ಕಲೀಲಿ."

ನೆವಿಲ್ ಎಂಜಿನ್ ಶುರು ಮಾಡಿದ. "ಇಳಿದು ಹಿಂದೆ ನಿಂತ್ಕೋತೀಯಾ?"

"ಸತ್ರೂ ಇಳಿಯಲ್ಲ."

ಗೇರಿನ ಮೇಲಿದ್ದ ಅವನ ಕೈಮೇಲೆ ನನ್ನ ಗಂಟುಬೆರಳುಗಳನ್ನು ಇಟ್ಟೆ.

"ಹೀಗೆ ಹಿಡ್ಕೊಂಡ್ರೆ ಗೇರ್ ಹಾಕೋದು ಕಷ್ಟ ಕಣೇ," ಎಂದ.

"ಕಷ್ಟ ಆಗ್ಲಿ," ಎಂದೆ.